ಸೀಸೆಯ ಮೇಲೆ ಹೊತ್ತು ಬರೆಯಿರಿ

ನಮ್ಮ ಕಚೇರಿಗೆ ಬಂದ ಕಾಗದಕ್ಕೆ ಮೊದಲು ಬೀಳುವುದು ತಾರೀಖಿನ ಮುದ್ರೆ. ಮುದ್ರೆಯಿಲ್ಲದ ಕಾಗದವನ್ನು ಯಾವ ಸಾಹೇಬರೂ ನಂಬರು. ಆದರೆ ಮನೆಯ ಹಿರಿಯರ ಮೂತ್ರ ಪರೀಕ್ಷೆಗೆ ಹೋಗುವಾಗ, ಅದನ್ನು ಹಿಡಿದದ್ದು ಎಷ್ಟು ಹೊತ್ತಿಗೆಂದು ಕೇಳುವವರಿಲ್ಲ. ಆ ಮಾತೆಂದರೆ ನಮಗೆ ಸಂಕೋಚ. ಸೀಸೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟುಬಿಟ್ಟರೆ ಆಯಿತು.

ಲಂಡನ್ನಿನ ಗೈಸ್ ಆಸ್ಪತ್ರೆಯ ಡಾಕ್ಟರ್ ರಿಚರ್ಡ್ ಬ್ರೈಟ್ 1827ರಲ್ಲಿ ಮೂತ್ರಪಿಂಡದ ರೋಗವನ್ನು ಕುರಿತು ಬರೆದರು. ಆ ಕಾಲದಲ್ಲಿ ಮೂತ್ರವನ್ನು ಚಮಚೆಯಲ್ಲಿ ಹಿಡಿದು ಮೇಣದ ಬತ್ತಿಯ ಮೇಲೆ ಕಾಯಿಸುತ್ತಿದ್ದರು. ಹೆಪ್ಪುಗಟ್ಟಿದರೆ ಅಲ್ಬುಮಿನ್ ಸೋರುತ್ತಿದೆ ಎಂದರ್ಥ. ಪರೀಕ್ಷೆ ರೋಗಿಯ ಬಳಿಯಲ್ಲೇ ಮುಗಿಯುತ್ತಿತ್ತು. ಈಗ ಸೀಸೆ ಊರು ಸುತ್ತುತ್ತದೆ.

ಕಳೆದ ಮೇ ತಿಂಗಳಲ್ಲಿ ಕುಂದಾಪುರದಿಂದ ತಂದೆತಾಯಿಗಳು ಕಾಂದಿವಲಿಯ ನಮ್ಮ ಮನೆಗೆ ಬಂದಿದ್ದರು. ತಂದೆಯವರಿಗೆ ಹಳೆಯ ಸಕ್ಕರೆ ಕಾಯಿಲೆ, ಕಾಲು ಬಾತಿತ್ತು. ಬೆಳಿಗ್ಗೆ ಆರೂವರೆಗೆ ಲ್ಯಾಬೊರೇಟರಿಯ ಹುಡುಗ ಬಂದು ಸೀಸೆ ಒಯ್ದ. ಅದು ಅವನ ಚೀಲದಲ್ಲಿ ಹತ್ತು ಮನೆ ಸುತ್ತಿ, ಮುಟ್ಟಿದ್ದು ಮಧ್ಯಾಹ್ನಕ್ಕಂತೆ. ಪ್ರೋಟೀನು ಉಂಟು, ರಕ್ತಕಣ ಇಲ್ಲ ಎಂದು ವರದಿ ಬಂತು. ಡಾಕ್ಟರರು ಕೇಳಿದ್ದು ಒಂದೇ ಮಾತು: “ಎಷ್ಟು ಹೊತ್ತು ಸೆಕೆಯಲ್ಲಿತ್ತು?”

ಕಾರಣವನ್ನೂ ಅವರೇ ತಿಳಿಸಿದರು. ಸೆಕೆಗೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಯೂರಿಯಾ ಒಡೆದು ಅಮೋನಿಯಾ ಆಗಿ ಮೂತ್ರ ಕ್ಷಾರವಾಗುತ್ತದೆ. ತೀರ ಕ್ಷಾರವಾದರೆ, ಅದ್ದಿ ನೋಡುವ ಪಟ್ಟಿ ಇಲ್ಲದ ಪ್ರೋಟೀನನ್ನು ಇದೆಯೆಂದು ತೋರಿಸೀತು. ಇತ್ತ ಕೆಂಪು ರಕ್ತಕಣಗಳೂ, ಮೂತ್ರಪಿಂಡದ ನಳಿಗೆಗಳಲ್ಲಿ ಎರಕ ಹೊಯ್ದಂತೆ ಮೂಡುವ ‘ಕಾಸ್ಟ್’ಗಳೂ ಒಡೆದು ಕರಗುತ್ತವೆ. ಒಂದು ಕಡೆ ಸುಳ್ಳು ಭಯ, ಇನ್ನೊಂದು ಕಡೆ ಸುಳ್ಳು ಧೈರ್ಯ. ಎರಡನೆಯದೇ ಹೆಚ್ಚು ಕೆಟ್ಟದ್ದು.

ಮರುದಿನ ನನ್ನಾಕೆ ತಾನೇ ಹೋಗಿ 20 ನಿಮಿಷದಲ್ಲಿ ಸೀಸೆ ಮುಟ್ಟಿಸಿದಳು. ಈ ಸಲ ರಕ್ತಕಣ ಕಂಡವು. ಹಿಂದಿನ ದಿನ ಅವು ಇರಲೇ ಇಲ್ಲವೋ, ಚೀಲದಲ್ಲೇ ಒಡೆದುಹೋದವೋ, ಹೇಳುವವರಾರು? ಡಾಕ್ಟರರು ಕೂಡಲೇ ತಜ್ಞರಲ್ಲಿಗೆ ಕಳಿಸಿದರು. ಈಗ ಚಿಕಿತ್ಸೆ ನಡೆದಿದೆ.

ಮನೆಮಂದಿ ನೆನಪಿಡಬೇಕಾದ್ದು ಇಷ್ಟೆ. ಬೆಳಗಿನ ಮೊದಲ ಮೂತ್ರ ಉತ್ತಮ. ಸಾಮಾನ್ಯ ಪರೀಕ್ಷೆಗೆ 2 ಗಂಟೆಯೊಳಗೆ ಮುಟ್ಟಿಸಿ. ತಡವಾಗುವುದಾದರೆ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯ ತಂಪಿನಲ್ಲಿಡಿ. ಅಲ್ಬುಮಿನ್–ಕ್ರಿಯಾಟಿನಿನ್ ಪ್ರಮಾಣ ನೋಡಲು 4 ಡಿಗ್ರಿಯಲ್ಲಿ 7 ದಿನದವರೆಗೆ ಇಡಬಹುದೆಂದು ಕೆಡಿಗೊ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ. ಮಂಜುಗಡ್ಡೆಯ ಖಾನೆ ಮಾತ್ರ ಬೇಡ. ಅಲ್ಲಿ ಹೆಪ್ಪುಗಟ್ಟಿದರೆ ಅಲ್ಬುಮಿನ್ ಇದ್ದುದಕ್ಕಿಂತ ಕಡಿಮೆ ತೋರೀತು.

“ಹಾಲು ಮೊಸರು ಇಡುವಲ್ಲಿ ಇದನ್ನು ಇಡುವುದೋ?” ಎಂದು ಅಮ್ಮ ಹೌಹಾರಿದರು. ಮುಚ್ಚಳ ಭದ್ರವಿರುವ ಬೇರೆ ಡಬ್ಬಿಯೊಳಗೆ ಸೀಸೆ ಇಟ್ಟು ತೋರಿಸಿದ ಮೇಲೆ ಒಪ್ಪಿದರು. ಅವರಂತೆ ಹೌಹಾರುವ ಹಿರಿಯರು ನಿಮ್ಮಲ್ಲೂ ಇದ್ದಾರು. ಅಂಥ ಡಬ್ಬಿಯೊಂದನ್ನು ಮೊದಲೇ ತೆಗೆದಿಡಿ. ಸೀಸೆಯ ಮೇಲೆ ಹೆಸರಿನ ಕೆಳಗೆ ಹೊತ್ತನ್ನೂ ಬರೆಯಿರಿ. ಒಯ್ಯುವವನಲ್ಲಿ, ಎಷ್ಟು ಗಂಟೆಗೆ ಮುಟ್ಟಿಸುತ್ತೀಯಪ್ಪ ಎಂದು ಕೇಳಲು ನಾಚಬೇಡಿ.