ಸೊರಟೂರಿನ ಬಿದಿರ ಪಾಠ

ಹೊಯ್ಸಳ ವೀರಬಲ್ಲಾಳನು ೧೧೯೦ರ ಸುಮಾರಿಗೆ ಸೇವುಣ ಭಿಲ್ಲಮನನ್ನು ಸೋಲಿಸಿದ ರಣರಂಗವೆಂದು ಸೊರಟೂರು ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ನಾವಾದರೋ ಅಲ್ಲಿಗೆ ಹೋದುದು ಬಂಧುಗಳೊಬ್ಬರ ದನದ ಕೊಟ್ಟಿಗೆಯ ನಿಮಿತ್ತ. ಮೂರು ವರುಷಗಳ ಹಿಂದೆ ಹಾಕಿಸಿದ ಮಾಡಿನ ಬಿದಿರ ಗಳವನ್ನು ಬೆರಳಿನಿಂದ ಒತ್ತಿದೊಡನೆ ಹಿಟ್ಟು ಉದುರಿತು. ಕೆಳಗೆ ಎತ್ತುಗಳು ಕಟ್ಟಿದ್ದುವು. "ಇನ್ನು ಬಿದಿರಿನ ಸಹವಾಸ ಬೇಡ, ಕಬ್ಬಿಣವನ್ನೇ ಹಾಕಿಸುವೆವು" ಎಂದು ಮನೆಯವರು ಖಿನ್ನರಾಗಿ ನುಡಿದರು.

ಅಮರಕೋಶದಲ್ಲಿ ಬಿದಿರಿಗೆ 'ತೃಣಧ್ವಜ', 'ತ್ವಕ್ಸಾರ' ಎಂಬ ಹೆಸರುಗಳಿವೆ. ಎರಡೂ ಅನ್ವರ್ಥಕವೇ. ಬಿದಿರು ಮರವಲ್ಲ, ಹುಲ್ಲಿನ ಜಾತಿ. ಅದರ ಬಲವೆಲ್ಲ ಹೊರಸಿಪ್ಪೆಯ ಬಳಿಯ ನಾರಿನಲ್ಲಿದೆ. ಒಳಗಿನ ಪಿಷ್ಟವೇ ಕೊರೆಹುಳುವಿಗೆ ಆಹಾರ. ಆದುದರಿಂದ ಮೂರು ನಾಲ್ಕು ವರುಷ ಬಲಿತ ಗಳವನ್ನೇ ಮಳೆಗಾಲ ಕಳೆದ ಮೇಲೆ ಕಡಿದು, ಕೆಲವು ವಾರ ನೀರಿನಲ್ಲಿ ನೆನೆಯಿಟ್ಟು, ನೆರಳಿನಲ್ಲಿ ಒಣಗಿಸಬೇಕು. ಬಿಳಿಗಾರ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಹೀರಿಸಿದರೆ ಇನ್ನೂ ಲೇಸು. ಕಂಬದ ಬುಡವನ್ನು ಮಣ್ಣಿನಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಬೇಕು. ಮಳೆ ತಾಗದಂತೆ ಮಾಡಿನ ಅಂಚು ಚಾಚಿರಬೇಕು. ೨೦೦೫ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿಯೂ ಬಿದಿರಿಗೆ ಪ್ರತ್ಯೇಕ ಪ್ರಕರಣವುಂಟು.

ಬಂಧುಗಳ ಗಳವನ್ನು ಹಸಿಯಾಗಿಯೇ ಏರಿಸಿದ್ದರೆಂದು ವಿಚಾರಿಸಲಾಗಿ ತಿಳಿಯಿತು. 'ವಂಶ'ವೆಂದರೆ ಬಿದಿರೂ ಹೌದು, ಕುಲವೂ ಹೌದು. ಸಂಸ್ಕಾರವಿಲ್ಲದೆ ಎರಡೂ ನಿಲ್ಲವು ಎಂದೆವು. ಮನೆಯವರು ನಕ್ಕು, ಎತ್ತುಗಳನ್ನು ಬಯಲಿಗೆ ಕಟ್ಟಿಸಿ, ಬಲಿತ ಬಿದಿರಿಗೆ ಹೇಳಿಕಳುಹಿಸಿದರು.