ತುಟಿಯ ಬಣ್ಣ

ಮಗಳು ಹುಟ್ಟಿ ಮೂರು ದಿನವಾದರೂ ನಾನು ವಾಟ್ಸಾಪ್ ಸ್ಟೇಟಸ್ಸಿಗೆ ಏನೂ ಹಾಕಿರಲಿಲ್ಲ. "ಸ್ವೀಟ್ ಎಲ್ಲಪ್ಪಾ?" ಅಂತ ಗೆಳೆಯರ ಮೆಸೇಜು ಬರುತ್ತಲೇ ಇದ್ದವು. ಓದಿ ಸುಮ್ಮನಾಗುತ್ತಿದ್ದೆ. ಬೇರೆಯವರ ಕಷ್ಟವನ್ನು ಎಷ್ಟೋ ಸಲ ಸುದ್ದಿ ಮಾಡಿದ್ದೇನೆ. ನಮ್ಮ ಮನೆಯದ್ದಕ್ಕೆ ಒಂದು ಸಾಲೂ ಹುಟ್ಟಲಿಲ್ಲ.

ನಮ್ಮೂರು ಕನಕಪುರದ ಕಡೆ. ತಾತನ ಕಾಲದಿಂದಲೂ ಕಥೋಲಿಕರು. ಬೇಸಾಯ ಮಾತ್ರ ಎಲ್ಲರಂತೆ ಹಿಪ್ಪುನೇರಳೆ, ರೇಷ್ಮೆ. ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲಾಯಿತು. ಮಗು ಎರಡು ಕಿಲೋ ನಾನೂರು ಗ್ರಾಂ. ಅತ್ತಾಗ ತುಟಿ ನೇರಳೆ ಹಣ್ಣು ತಿಂದಂತೆ ಕಾಣುತ್ತಿತ್ತು. ನೋಡಲು ಬಂದವರು "ನಿಮ್ಮವ್ವನ ಬಣ್ಣ ಬಂದದೆ" ಅಂದರು. ಎರಡನೇ ದಿನ ನರ್ಸಮ್ಮ ಕೊರೊನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಹಾಕಿಕೊಂಡಿದ್ದೆವಲ್ಲ, ಆ ಆಕ್ಸಿಜನ್ ನೋಡುವ ಮಿಷನ್ನಿನ ಪಟ್ಟಿಯನ್ನು ಮಗುವಿನ ಪಾದಕ್ಕೆ ಸುತ್ತಿದರು. 95ರ ಮೇಲೆ ಇರಬೇಕಾದ್ದು 78 ತೋರಿಸಿತು. ಅವತ್ತು ಅವರು ಅಷ್ಟು ನೋಡದೇ ಹೋಗಿದ್ದರೆ ನಾವು "ಅವ್ವನ ಬಣ್ಣ" ಅಂತಲೇ ಮನೆಗೆ ಬರುತ್ತಿದ್ದೆವು.

108ರಲ್ಲಿ ಬೆಂಗಳೂರಿಗೆ ಹೋದೆವು. ಅಲ್ಲಿನ ಡಾಕ್ಟರು ಚೀಟಿಯ ಹಿಂದೆ ಹೃದಯದ ಚಿತ್ರ ಬರೆದು ತೋರಿಸಿದರು. ಕಾಯಿಲೆಯ ಹೆಸರು ಟೆಟ್ರಾಲಜಿ ಆಫ್ ಫ್ಯಾಲೋ. ಒಂದೇ ಹೃದಯದಲ್ಲಿ ನಾಲ್ಕು ದೋಷ. ಕೆಳಗಿನ ಎರಡು ಕೋಣೆಗಳ ನಡುವೆ ತೂತು. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಮೈಗೆ ರಕ್ತ ಒಯ್ಯುವ ದೊಡ್ಡ ನಾಳ ಸರಿದು ತೂತಿನ ಮೇಲೇ ಕೂತಿದೆ. ಒತ್ತಿ ಒತ್ತಿ ಬಲಗಡೆಯ ಗೋಡೆ ದಪ್ಪಗಾಗಿದೆ. ಹಾಗಾಗಿ ಆಕ್ಸಿಜನ್ ಇಲ್ಲದ ರಕ್ತವೂ ಮೈಗೆಲ್ಲ ಹೋಗುತ್ತದೆ, ತುಟಿ ಉಗುರು ನೀಲಿಯಾಗುತ್ತವೆ. "ಆಪರೇಷನ್ ಮಾಡಬಹುದು, ಆದರೆ ಈಗಲ್ಲ. ಸ್ವಲ್ಪ ಬೆಳೀಲಿ. ಮೊದಲು ರಕ್ತದಲ್ಲಿ ಸೋಂಕಿದೆ, ಅದು ಇಳೀಬೇಕು" ಅಂದರು. ಈ ರಾತ್ರಿಯ ಬಗ್ಗೆ ಏನೂ ಹೇಳಕ್ಕಾಗಲ್ಲ ಅಂತಲೂ ಅಂದರು.

ನಾನು ಊರಿನ ಫಾದರ್‌ಗೆ ಫೋನ್ ಮಾಡಿದೆ. ಅವರು ಹೊರಟರೂ ಬರುವ ಹೊತ್ತಿಗೆ ಬೆಳಗಾಗುತ್ತಿತ್ತು. "ನೀನೇ ಜ್ಞಾನಸ್ನಾನ ಕೊಡಪ್ಪ" ಅಂದರು. ಸಾವಿನ ಅಪಾಯ ಇದ್ದಾಗ ಯಾರು ಬೇಕಾದರೂ ಕೊಡಬಹುದು, ತಲೆಯ ಮೇಲೆ ನೀರು ಹರಿಯಬೇಕು, ಆ ಮಾತು ಹೇಳಬೇಕು, ಅಷ್ಟೇ. ಚಿಕ್ಕಂದಿನಲ್ಲಿ ಕಲಿತದ್ದೇ. ಹೀಗೆ ಬಳಸುತ್ತೇನೆ ಅಂತ ಅಂದುಕೊಂಡಿರಲಿಲ್ಲ.

ಐಸಿಯು ನರ್ಸ್‌ಗೆ ಹೇಗೆ ಹೇಳುವುದೋ ಅಂತ ತಡವರಿಸಿದೆ. ಆಕೆ ನಮ್ಮ ಧರ್ಮದವರಲ್ಲ. ಪೂರ್ತಿ ಕೇಳಿಸಿಕೊಂಡು, ಒಳಗೆ ಹೋಗಿ, ಶುದ್ಧ ನೀರು ತುಂಬಿದ ಸಿರಿಂಜು ತಂದು ಕೈಗಿಟ್ಟರು. "ಬೆಚ್ಚಗೆ ಮಾಡಿದ್ದೀನಿ ಅಣ್ಣ, ಹಣೆ ಮೇಲ್ಗಡೆ ಹಾಕಿ, ವೈರ್ ನೆನೀಬಾರದು." ಹೆಸರು ಯೋಚಿಸಿರಲಿಲ್ಲ. ಅಜ್ಜಿಯ ಹೆಸರೇ ಬಾಯಿಗೆ ಬಂತು. ಕೈ ಎಷ್ಟು ನಡುಗುತ್ತಿತ್ತೆಂದರೆ ಅರ್ಧ ನೀರು ಬಟ್ಟೆಯ ಮೇಲೆ ಬಿತ್ತು.

ಸೋಂಕು ಇಳಿಯಿತು. ಹನ್ನೆರಡನೇ ದಿನ ಮನೆಗೆ ಬಂದೆವು.

ಊರಿನಲ್ಲಿ ಮಾತು ಶುರುವಾಗಿತ್ತು. ಗ್ರಹಣದಲ್ಲಿ ಹೊರಗೆ ಬಂದಿದ್ದಳಾ? ಬಸುರಿಯಲ್ಲಿ ಏನು ತಿಂದಿದ್ದಳು? ಹೆಂಡತಿ ಒಂದು ರಾತ್ರಿ "ನಾನೇನು ತಪ್ಪು ಮಾಡ್ದೆ, ಹೇಳಿ" ಅಂತ ಅತ್ತಳು. ಇದು ಯಾರ ತಪ್ಪೂ ಅಲ್ಲ ಅಂತ ಡಾಕ್ಟರು ಹೇಳಿದ್ದರು. ಅದು ಅವಳ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ಮನೆಗೆ ಬಂದ ಫಾದರ್ ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯ ಓದಿದರು. ಹುಟ್ಟುಕುರುಡನನ್ನು ಕಂಡು ಶಿಷ್ಯರು, ಪಾಪ ಮಾಡಿದ್ದು ಇವನೋ ಇವನ ಹೆತ್ತವರೋ ಅಂತ ಕೇಳುತ್ತಾರೆ. ಯೇಸುಸ್ವಾಮಿ ಇಬ್ಬರೂ ಅಲ್ಲ ಅನ್ನುತ್ತಾರೆ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಕೇಳಿದವರಿಗೆ ಅವಳೇ ಉತ್ತರ ಕೊಡತೊಡಗಿದಳು, ಸ್ವಲ್ಪ ಖಾರವಾಗಿಯೇ.

ನಮ್ಮವರಲ್ಲೇ ಒಬ್ಬರು, ನಂಬಿಕೆ ಇದ್ದರೆ ಆಪರೇಷನ್ ಯಾಕೆ, ಪ್ರಾರ್ಥನಾ ಕೂಟಕ್ಕೆ ಕರ್ಕೊಂಡು ಹೋಗಿ ಎಣ್ಣೆ ಹಚ್ಚಿಸಿ ಅಂದರು. ಅವ್ವ ದಿನಕ್ಕೆ ಎರಡು ಸಲ ಜಪಸರ ಹೇಳುವವಳು. "ಡಾಕ್ಟ್ರ ಕೈಗೆ ಬುದ್ಧಿ ಕೊಟ್ಟೋನೂ ಅವನೇಯ" ಅಂದು ಅವರಿಗೆ ಟೀ ಕೊಟ್ಟು ಕಳಿಸಿದಳು.

ಮೊಲೆ ಚೀಪಿದರೆ ಮಗುವಿಗೆ ಸುಸ್ತಾಗುತ್ತಿತ್ತು. ಹಾಲು ಹಿಂಡಿ ಒಳಲೆಯಲ್ಲಿ ಕುಡಿಸುತ್ತಿದ್ದೆವು. ಜೋರಾಗಿ ಅತ್ತರೆ ಒಮ್ಮೊಮ್ಮೆ ಮೈಯೆಲ್ಲ ನೀಲಿಗಟ್ಟಿ ಉಸಿರು ಮೇಲಕ್ಕೆಳೆಯುತ್ತಿತ್ತು. ಹಾಗಾದಾಗ ಮಗುವಿನ ಎರಡೂ ಮಂಡಿ ಮಡಚಿ ಎದೆಗೆ ಒತ್ತಿ ಹಿಡಿಯಬೇಕು, ಸಮಾಧಾನ ಮಾಡಬೇಕು, ನೀಲಿ ಇಳಿಯದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು ಅಂತ ಕಲಿಸಿ ಕಳಿಸಿದ್ದರು. ಇಂಥ ಮಗು ನಿಮ್ಮ ಮನೆಯಲ್ಲಿದ್ದರೆ ಇದನ್ನು ಡಾಕ್ಟರ ಹತ್ತಿರ ಕೇಳಿ, ಕೈಯಾರೆ ಮಾಡಿ ಕಲಿತುಕೊಳ್ಳಿ. ಕತ್ತಲಲ್ಲಿ ಹಾಗೆ ಹಿಡಿದು ಕೂತಾಗ ಗಡಿಯಾರ ನೋಡಲು ಆಗುತ್ತಿರಲಿಲ್ಲ. 'ನಮೋ ಮರಿಯ' ಹೇಳುತ್ತಿದ್ದೆ. ನಾಲ್ಕನೆಯದಕ್ಕೆ ಉಸಿರು ತಿರುಗಿತು, ಏಳನೆಯದಕ್ಕೆ ತುಟಿ ತಿಳಿಯಾಯಿತು, ಹೀಗೆ ಲೆಕ್ಕ. ಅದು ಭಕ್ತಿಯೋ ಭಯವೋ ನನಗೆ ಗೊತ್ತಿಲ್ಲ. ಕೈ ಮಾತ್ರ ನಡುಗುತ್ತಿರಲಿಲ್ಲ.

ಏಳನೇ ತಿಂಗಳಿಗೆ ಆಪರೇಷನ್ ದಿನ ಸಿಕ್ಕಿತು. ಆಶಾ ಅಕ್ಕನೇ ನಮ್ಮನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಬಿಪಿಎಲ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಇದ್ದುದರಿಂದ ಜಮೀನು ಅಡ ಇಡುವುದು ತಪ್ಪಿತು. ಹುಳು ಮಾತ್ರ ಆಗಲೇ ನಾಲ್ಕನೇ ಜ್ವರದಿಂದ ಎದ್ದಿದ್ದವು. ಆ ವಾರ ಸೊಪ್ಪು ತಪ್ಪಿದರೆ ಬೆಳೆ ಹೋದಂತೆ. ಪಕ್ಕದ ಮನೆಯ ಅಣ್ಣ, ಮಾದಪ್ಪನ ಒಕ್ಕಲು, "ನೀವು ಕೂಸು ನೋಡ್ಕಳಿ, ಹುಳ ನಾನು ನೋಡ್ಕತೀನಿ" ಅಂದು ಹುಳುಮನೆಯ ಬೀಗದ ಕೈ ಇಸಿದುಕೊಂಡರು. ಊರಿನ ಹುಡುಗರು ಟೆಂಪೋ ಮಾಡಿಕೊಂಡು ರಕ್ತ ಕೊಡಲು ಬಂದರು.

ಕಾಯುವ ಕೋಣೆಯಲ್ಲಿ ನನ್ನ ಕೈಯಲ್ಲಿ ಜಪಸರ, ಪಕ್ಕದ ಸಾಬರಮ್ಮನ ಕೈಯಲ್ಲಿ ತಸ್ಬಿ. ಇಬ್ಬರ ಬೆರಳೂ ಒಂದೇ ಥರ ಓಡುತ್ತಿದ್ದವು. ಸಂಜೆ ನಮ್ಮ ಹೆಸರು ಕೂಗಿ, ಆಪರೇಷನ್ ಚೆನ್ನಾಗಾಯಿತು ಅಂದರು. ಆಕೆಯ ಮೊಮ್ಮಗ ಮೂರನೇ ದಿನ ಹೋಗಿಬಿಟ್ಟ. ಆಕೆ ನನಗಿಂತ ಕಡಿಮೆ ಬೇಡಿದ್ದಳೇ? ಫಾದರ್‌ನ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲಪ್ಪ" ಅಂದರು. ಏನಾದರೂ ಹೇಳಿ ತೇಲಿಸಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ದಿನಾ ಪ್ರಾರ್ಥನೆಯಲ್ಲಿ ಆ ಹುಡುಗನನ್ನು ನೆನೆಯುತ್ತೇನೆ.

ಮಗಳಿಗೆ ಹತ್ತು ತಿಂಗಳಾದಾಗ ಗುಡಿಯಲ್ಲಿ ಉಳಿದ ಶಾಸ್ತ್ರ ಆಯಿತು. ಎಣ್ಣೆ ಹಚ್ಚಿದರು, ಬಿಳಿ ಬಟ್ಟೆ ಹೊದಿಸಿದರು, ಮೇಣದ ಬತ್ತಿ ಕೊಟ್ಟರು. ನೀರು ಮಾತ್ರ ಹಾಕಲಿಲ್ಲ. ಜ್ಞಾನಸ್ನಾನ ಒಂದೇ ಸಲ, ಆ ಸಿರಿಂಜಿನ ನೀರೇ ಸಾಕು ಅಂದರು ಫಾದರ್. ಅವ್ವನಿಗೆ ಇದು ಅಷ್ಟು ಸಮಾಧಾನವಾಗಲಿಲ್ಲ.

ಮೇಣದ ಬತ್ತಿಯ ಬೆಳಕಿಗೋ ಜನಕ್ಕೋ ಬೆದರಿ ಮಗು ಜೋರಾಗಿ ಅಳಲು ಶುರುಮಾಡಿತು. ಪೂಜೆಗೆ ಬಂದಿದ್ದ ಹೆಂಗಸರು, ಹೊರಗೆ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಅಣ್ಣ, ನಾವು, ಎಲ್ಲರೂ ಅವಳ ತುಟಿಯನ್ನೇ ನೋಡಿದೆವು.

ಕೆಂಪಗಿತ್ತು. ಅವಳು ಇನ್ನೂ ಅಳುತ್ತಿದ್ದಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.