ಬೈಸಿಕಲ್ಲಿನಲ್ಲಿ ಯದುಗಿರಿಗೆ

ಷಷ್ಟಿಪೂರ್ತಿಯಾದ ಮೇಲೆ ಬೈಸಿಕಲ್ಲನ್ನೇರಿ ದೂರಪ್ರಯಾಣಕ್ಕೆ ಹೊರಡುವುದು ಕೆಲವರಿಗೆ ಹಾಸ್ಯಾಸ್ಪದವಾಗಿ ತೋರಬಹುದು. ಆದರೂ ಕಳೆದ ಪುಷ್ಯಮಾಸದ ಒಂದು ಪ್ರಾತಃಕಾಲ ನಾನೂ ಹದಿನಾರು ವರ್ಷದ ನನ್ನ ದೌಹಿತ್ರನೂ ಮೈಸೂರಿನಿಂದ ಮೇಲುಕೋಟೆಗೆ ಹೊರಟೆವು. ದಾರಿ ಸುಮಾರು 50 ಕಿಲೋಮೀಟರು. ಡೇರೆ, ಕಂಬಳಿ, ನೀರು, ಪಂಕ್ಚರ್ ಸಾಮಗ್ರಿ ಇವುಗಳನ್ನು ಹಿಂದಿನ ಚಕ್ರದ ಎರಡು ಪಕ್ಕಗಳಲ್ಲಿಯೂ ಭಾರವು ಸಮನಾಗುವಂತೆ ಕಟ್ಟಿಕೊಂಡಿದ್ದೆವು. ಬುತ್ತಿಯನ್ನು ಕೈಗಿತ್ತ ನನ್ನ ಪತ್ನಿಯು, “ಏರು ಬಂದರೆ ಇಳಿದು ನಡೆಯಿರಿ, ನಾಚಬೇಡಿ” ಎಂದಳು. ನಾನು ನಕ್ಕು ಹೊರಟೆನು.

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಉತ್ತರದ ಕವಲಿಗೆ ಅಡ್ಡಲಾಗಿ ವೆಲ್ಲೆಸ್ಲಿ ಸೇತುವೆಯಿದೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಲ್ಲಿನ ಕಂಬಗಳ ಮೇಲೆ ಕಲ್ಲಿನ ತೊಲೆಗಳನ್ನಿರಿಸಿ ಕಟ್ಟಿದ ಈ ಸೇತುವೆಯನ್ನು ಹುಡುಗನು ಬಹಳ ಹೊತ್ತು ನೋಡುತ್ತ ನಿಂತನು. ಪಾಂಡವಪುರವನ್ನು ದಾಟಿ ತೊಣ್ಣೂರನ್ನು ಸೇರುವ ವೇಳೆಗೆ ಹೊತ್ತು ನೆತ್ತಿಗೇರಿತ್ತು. ಬೆಟ್ಟಗಳ ನಡುವಣ ಆ ವಿಶಾಲವಾದ ಕೆರೆಯು ಶ್ರೀರಾಮಾನುಜಾಚಾರ್ಯರ ಕಾಲದ್ದೆಂಬ ಪ್ರತೀತಿಯುಂಟು. ‘ಮೋತಿ ತಾಲಾಬ್’ ಎಂಬ ಹೆಸರೂ ಅದಕ್ಕಿದೆ. ತಿಳಿನೀರನ್ನು ಕಂಡವರಿಗೆ ಆ ಹೆಸರು ಅತಿಶಯೋಕ್ತಿಯೆನಿಸದು. ಏರಿಯ ಮೇಲೆ ಕುಳಿತು ಅವಲಕ್ಕಿ ತಿಂದು, ಮರದ ನೆರಳಿನಲ್ಲಿ ವಿಶ್ರಮಿಸಿದೆವು.

ಅಪರಾಹ್ಣ ಮೇಲುಕೋಟೆಯ ಏರು ಮೊದಲಾಯಿತು. ಹುಡುಗನ ಬೈಸಿಕಲ್ಲಿಗೆ ಗೇರುಗಳುಂಟು. ಸಣ್ಣ ಗೇರಿನಲ್ಲಿ ಪೆಡಲನ್ನು ಹೆಚ್ಚು ಸಾರಿ ತಿರುಗಿಸಬೇಕು, ಆದರೆ ಪ್ರತಿ ಸಾರಿಯೂ ತುಳಿಯುವ ಶ್ರಮ ಕಡಿಮೆ. ನನ್ನ ಹಳೆಯ ಗಾಡಿಗೆ ಆ ಸೌಕರ್ಯವಿಲ್ಲ. “ತಾತ, ಇಳಿದುಬಿಡಿ, ತಳ್ಳಿಕೊಂಡು ಹೋಗೋಣ” ಎಂದು ಅವನು ಎರಡು ಬಾರಿ ಹೇಳಿದನು. ಹುಡುಗನ ಮುಂದೆ ಸೋಲುವುದೆಂತು? ಹಟದಿಂದ ತುಳಿದೆನು. ಎದೆ ಬಡಿದುಕೊಂಡಿತು, ಕಣ್ಣು ಕತ್ತಲಿಟ್ಟಿತು, ಹ್ಯಾಂಡಲು ಓಲಾಡಿತು. ಹಿಂದೆ ಕಬ್ಬು ತುಂಬಿದ ಟ್ರಾಕ್ಟರೊಂದು ಗಕ್ಕನೆ ನಿಂತಿತು; ನಾನು ಪಕ್ಕದ ಹುಲ್ಲಿನ ಮೇಲೆ ಬಿದ್ದೆನು. ಮೊಣಕಾಲು ತರಚಿತೇ ಹೊರತು ಬೇರೆ ಅಪಾಯವಾಗಲಿಲ್ಲ. ಆದರೆ ನೀರು ಕುಡಿಸುತ್ತಿದ್ದ ಹುಡುಗನ ಕೈ ನಡುಗುತ್ತಿತ್ತು. ನನ್ನ ಅಭಿಮಾನದ ಬೆಲೆಯನ್ನು ಆ ಕೈಯಲ್ಲಿ ಕಂಡೆನು.

ಸಮೀಪದ ರೈತನೊಬ್ಬನು ತನ್ನ ಕಣದಲ್ಲಿ ಡೇರೆ ಹಾಕಲು ಸಂತೋಷದಿಂದ ಒಪ್ಪಿದನು. ಅವನ ತಾಯಿ, “ಈ ವಯಸ್ಸಿನಲ್ಲಿ ನಿಮಗೇಕೆ ಸ್ವಾಮಿ ಈ ಪಾಡು?” ಎನ್ನುತ್ತಲೇ ಬಿಸಿ ಮುದ್ದೆಯನ್ನೂ ಹುರುಳಿಯ ಸಾರನ್ನೂ ಬಡಿಸಿದಳು. ರಾತ್ರಿ ಇಬ್ಬನಿಯಿಂದ ಡೇರೆ ತೊಯ್ದರೂ ಒಳಗೆ ಬೆಚ್ಚಗಿತ್ತು. ಹುಡುಗನು ನಕ್ಷತ್ರಗಳ ಹೆಸರನ್ನು ಕೇಳುತ್ತ ಕೇಳುತ್ತ ನಿದ್ರೆಹೋದನು.

ಬೆಳಗಾದ ಮೇಲೆ ಇಬ್ಬರೂ ಬೈಸಿಕಲ್ಲುಗಳನ್ನು ತಳ್ಳಿಕೊಂಡೇ ಬೆಟ್ಟವನ್ನೇರಿದೆವು. ನಡೆಯುವವನಿಗೆ ಹಕ್ಕಿಯ ದನಿ ಕೇಳುತ್ತದೆ, ಮಾತಿಗೂ ಉಸಿರು ಉಳಿಯುತ್ತದೆ. ಯೋಗನರಸಿಂಹನ ಶಿಖರವು ಎಳೆಬಿಸಿಲಿನಲ್ಲಿ ಹೊಳೆಯುತ್ತಿತ್ತು. ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಮನೆಗೆ ಫೋನು ಮಾಡಿದೆನು. “ಏರಿನಲ್ಲಿ ಇಳಿದು ನಡೆದಿರೋ?” ಎಂದು ಪತ್ನಿಯು ಕೇಳಿದಳು. “ಇಂದು ನಡೆದೆನು” ಎಂದೆನು. ನಿನ್ನೆಯ ಕಥೆಯನ್ನು ಮನೆಗೆ ಹೋದಮೇಲೆ ಹೇಳುವುದೆಂದು ನಾನೂ ಹುಡುಗನೂ ಒಪ್ಪಂದ ಮಾಡಿಕೊಂಡೆವು.